ಮನೆ ತೆರವಿನ ದಾವೆ: ಮಾಲೀಕರು ವಕೀಲರ ಬಳಿ ಹೋಗಬೇಕಾದದ್ದು ಯಾವಾಗ?

ಬೆಂಗಳೂರಿನಲ್ಲಾಗಲಿ ಮೈಸೂರು, ಹುಬ್ಬಳ್ಳಿಗಳಲ್ಲಾಗಲಿ, ಒಂದೆರಡು ಮನೆಗಳನ್ನು ಬಾಡಿಗೆಗೆ ಕೊಟ್ಟು ಅದರ ವರಮಾನದಲ್ಲಿ ಬದುಕುತ್ತಿರುವ ಹೆಚ್ಚಿನ ಮಾಲೀಕರು ವಕೀಲರ ಕಚೇರಿಯ ಮೆಟ್ಟಿಲು ಹತ್ತುವುದು ತೀರಾ ತಡವಾಗಿ. ಅಷ್ಟರಲ್ಲಿ ತಿಂಗಳುಗಟ್ಟಲೆ ಬಾಡಿಗೆ ಬಾಕಿ ಬೆಳೆದಿರುತ್ತದೆ, ಬಾಯಿ ಮಾತಿನ ಗಡುವುಗಳು ಮುಗಿದಿರುತ್ತವೆ, ಪರಿಚಯದವರಿಂದ ಬರೆಸಿದ ಒಂದು ನೋಟಿಸ್ ಆಗಲೇ ಬಾಡಿಗೆದಾರರ ಕೈ ಸೇರಿರುತ್ತದೆ. ದಾವೆಯ ಹಣೆಬರಹ ಬಹುಮಟ್ಟಿಗೆ ಆ ನೋಟಿಸ್‌ನಲ್ಲಿಯೇ ನಿರ್ಧಾರವಾಗುವುದರಿಂದ, ವಕೀಲರ ಅಗತ್ಯ ಬೀಳುವುದು ನ್ಯಾಯಾಲಯಕ್ಕೆ ಹೋಗುವ ದಿನಕ್ಕಿಂತ ಮೊದಲು, ಆ ನೋಟಿಸ್ ಬರೆಯುವ ದಿನ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾನು ವಕೀಲನಲ್ಲ. ನಮ್ಮ ತಾಯಿಯವರ ಹೆಸರಿನಲ್ಲಿರುವ ಮನೆಗಳ ಕಾಗದಪತ್ರಗಳನ್ನು ನೋಡಿಕೊಳ್ಳುತ್ತ, ಅದೇ ಸ್ಥಿತಿಯಲ್ಲಿರುವ ನೆರೆಹೊರೆಯ ಹಿರಿಯರೊಂದಿಗೆ ನ್ಯಾಯಾಲಯದ ಆವರಣದಲ್ಲಿ ಕುಳಿತು, ಅವರ ದಾವೆಗಳು ಎಲ್ಲಿ ಸಲೀಸಾಗಿ ಸಾಗಿದವು, ಎಲ್ಲಿ ಮುಗ್ಗರಿಸಿದವು ಎಂಬುದನ್ನು ಗಮನಿಸುತ್ತ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಮಾಲೀಕರು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಒಂದಿದೆ. ಮನೆ ತಮ್ಮದೇ ಆಗಿದ್ದರೂ, ಕರಾರಿನ ಅವಧಿ ಮುಗಿದಿದ್ದರೂ, ಬಾಡಿಗೆ ಬಾಕಿ ಇದ್ದರೂ, ಬಾಡಿಗೆದಾರರನ್ನು ತಾವೇ ಹೊರಹಾಕುವ ಅಧಿಕಾರ ಅವರಿಗಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಕಾನೂನುಬದ್ಧ ವಿಧಾನವಿಲ್ಲದೆ ಹೊರಹಾಕಲ್ಪಟ್ಟ ವ್ಯಕ್ತಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಆ ದಾವೆಯಲ್ಲಿ ಆಸ್ತಿ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಬೆಂಗಳೂರಿನ ನಿವೇಶನವೊಂದರ ವ್ಯಾಜ್ಯದಿಂದ ಹುಟ್ಟಿದ ರಾಮೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿದು, ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು ನಿಜವಾದ ಮಾಲೀಕರೂ ಬಲಪ್ರಯೋಗದಿಂದ ತೆರವುಗೊಳಿಸುವಂತಿಲ್ಲ ಎಂದಿತು. ಬೀಗ ಬದಲಾಯಿಸುವುದು, ನೀರು ಅಥವಾ ವಿದ್ಯುತ್ ಕಡಿತಗೊಳಿಸುವುದು, ಸಾಮಾನುಗಳನ್ನು ಬೀದಿಗೆ ಹಾಕುವುದು, ಇವೆಲ್ಲ ಮಾಲೀಕರನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವ ಕೆಲಸಗಳು. ಪೊಲೀಸ್ ಠಾಣೆಗೆ ಹೋದರೆ ‘ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ’ ಎಂಬ ಉತ್ತರ ಬರುತ್ತದೆ, ಮತ್ತು ಆ ಉತ್ತರ ಸರಿಯಾದದ್ದೇ.

ಜಗಳ ಆರಂಭವಾದೊಡನೆ ಅನೇಕ ಬಾಡಿಗೆದಾರರು ಮಾಲೀಕರಿಗಿಂತ ಮೊದಲೇ ನ್ಯಾಯಾಲಯಕ್ಕೆ ಹೋಗಿ, ತಮ್ಮನ್ನು ಬಲವಂತವಾಗಿ ಹೊರಹಾಕದಂತೆ ತಡೆಯಾಜ್ಞೆ ಕೋರುತ್ತಾರೆ. ಸಮನ್ಸ್ ಕೈಗೆ ಬಂದ ಮಾಲೀಕರು ಗಾಬರಿಗೊಂಡು, ತಾವು ಸೋತೇ ಹೋದೆವೆಂದು ಭಾವಿಸುತ್ತಾರೆ. ವಾಸ್ತವವಾಗಿ, ಕಾನೂನಿನ ಕ್ರಮವನ್ನು ಅನುಸರಿಸದೆ ತೆರವುಗೊಳಿಸುವುದಿಲ್ಲ ಎಂದು ಮಾಲೀಕರ ಪರ ವಕೀಲರು ಒಂದು ಹೇಳಿಕೆ ಸಲ್ಲಿಸಿದರೆ ಅಂಥ ದಾವೆ ಬಹುತೇಕ ತನ್ನ ಉದ್ದೇಶವನ್ನೇ ಕಳೆದುಕೊಳ್ಳುತ್ತದೆ. ತೆರವಿಗಾಗಿ ಬೇರೆ ದಾವೆ ಹೂಡುವ ಹಕ್ಕು ಮಾಲೀಕರಿಗೆ ಹಾಗೆಯೇ ಉಳಿಯುತ್ತದೆ. ನೋಟಿಸ್ ಕಳುಹಿಸಿದ ಕೂಡಲೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 148-ಎ ಸೆಕ್ಷನ್ ಅಡಿಯಲ್ಲಿ ಕೇವಿಯಟ್, ಅಂದರೆ ತಮ್ಮನ್ನು ಕೇಳದೆ ಆದೇಶ ಕೊಡಬಾರದೆಂಬ ಮುನ್ನೆಚ್ಚರಿಕೆಯ ಅರ್ಜಿ, ಹಾಕಿಟ್ಟರೆ, ಮಾಲೀಕರ ಮಾತನ್ನು ಕೇಳದೆ ಏಕಪಕ್ಷೀಯ ಆದೇಶ ಹೊರಡುವ ಸಂಭವವೂ ತಪ್ಪುತ್ತದೆ. ಕೇವಿಯಟ್‌ನ ಆಯಸ್ಸು 90 ದಿನ ಮಾತ್ರ. ಆಮೇಲೆ ಹೊಸದಾಗಿ ಹಾಕಬೇಕು. ಬಾಡಿಗೆದಾರರಿಂದ ಇಂಥ ದಾವೆ ಬಂದ ದಿನ ವಕೀಲರಿಲ್ಲದೆ ಇರುವುದು ಸರಿಯಲ್ಲ, ಏಕೆಂದರೆ ದಾವೆಗೆ ಉತ್ತರವಾಗಿ ಕೊಡುವ ಲಿಖಿತ ಹೇಳಿಕೆಗೆ ಸಂಹಿತೆ ಕೊಟ್ಟಿರುವುದು 30 ದಿನಗಳ ಕಾಲಾವಕಾಶ, ನ್ಯಾಯಾಲಯ ವಿಸ್ತರಿಸಿದರೆ 90 ದಿನಗಳು, ಮತ್ತು ಆ ಹೇಳಿಕೆಯಲ್ಲಿ ಒಪ್ಪಿಕೊಂಡ ಸಂಗತಿಗಳು ಮುಂದಿನ ತೆರವಿನ ದಾವೆಗೂ ಅಂಟಿಕೊಳ್ಳುತ್ತವೆ.

ಇನ್ನು ಯಾವ ಕಾನೂನು ಅನ್ವಯಿಸುತ್ತದೆ ಎಂಬ ಪ್ರಶ್ನೆಗೆ ಬರೋಣ. 2001ರ ಕೊನೆಯಲ್ಲಿ ಜಾರಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯೇ ಎಲ್ಲ ಮನೆಗಳಿಗೂ ಅನ್ವಯಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಕಟ್ಟಡಗಳನ್ನೂ, 14 ಚದರ ಮೀಟರ್‌ಗಿಂತ ದೊಡ್ಡದಾದ ವಾಸೇತರ ಕಟ್ಟಡಗಳನ್ನೂ ಆ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದ್ದರಿಂದ ಇಂದಿನ ಬೆಂಗಳೂರಿನ ಬಹುಪಾಲು ಮನೆಗಳು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತವೆ. ಹಳೆಯ ಪೇಟೆಗಳ ಕಿರುಮಳಿಗೆಗಳೂ ದಶಕಗಳ ಹಿಂದಿನ ಬಾಡಿಗೆಯಲ್ಲಿಯೇ ಉಳಿದುಬಂದ ಮನೆಗಳೂ ಮಾತ್ರ ಬಾಡಿಗೆ ಕಾಯ್ದೆಯೊಳಗೆ ಸಿಗಬಹುದು. ಇವೆರಡರ ನಡುವಿನ ವ್ಯತ್ಯಾಸ ಅಲ್ಪವಲ್ಲ. ಬಾಡಿಗೆ ಕಾಯ್ದೆಯ ಅಡಿಯಲ್ಲಿ 27ನೇ ಸೆಕ್ಷನ್ ಹೇಳುವ ಕಾರಣಗಳಲ್ಲಿ ಒಂದನ್ನಾದರೂ ಮಾಲೀಕರು ಸಾಬೀತುಪಡಿಸಬೇಕು: ನೋಟಿಸ್ ತಲುಪಿದ ಎರಡು ತಿಂಗಳೊಳಗೆ ಬಾಕಿ ತೀರಿಸದಿರುವುದು, ಅನುಮತಿಯಿಲ್ಲದೆ ಒಳಬಾಡಿಗೆಗೆ ಕೊಟ್ಟಿರುವುದು, ಮಾಲೀಕರಿಗೇ ಮನೆಯ ಅಗತ್ಯ ಬಿದ್ದಿರುವುದು ಮುಂತಾದವು. ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ ಕಾರಣ ಹೇಳಬೇಕಾಗಿಯೇ ಇಲ್ಲ. ಬಾಡಿಗೆ ಸಂಬಂಧವನ್ನು ಕ್ರಮಬದ್ಧವಾಗಿ ಕೊನೆಗೊಳಿಸಿದ್ದೇವೆ ಎಂದು ತೋರಿಸಿದರೆ ಸಾಕು. ತಪ್ಪು ಕಾಯ್ದೆಯನ್ನು ಹಿಡಿದು ತಪ್ಪು ನ್ಯಾಯಾಲಯದಲ್ಲಿ ಅರ್ಜಿ ಹಾಕಿ, ವರ್ಷಗಳು ಕಳೆದ ಮೇಲೆ ಅದನ್ನು ಹಿಂತಿರುಗಿಸಿಕೊಂಡವರ ನೋವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಈ ಕ್ರಮಬದ್ಧ ಕೊನೆಗೊಳಿಸುವಿಕೆ ನಡೆಯುವುದು ನೋಟಿಸ್ ಮೂಲಕ. ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆಗೆ 15 ದಿನಗಳ ನೋಟಿಸ್ ಕೊಡಬೇಕು. ಕೃಷಿ ಅಥವಾ ತಯಾರಿಕೆಯ ಉದ್ದೇಶಕ್ಕೆ ಕೊಟ್ಟಿದ್ದರೆ ಆರು ತಿಂಗಳು. ಆದರೆ ಈ ಅವಧಿಗಳು ಅನ್ವಯಿಸುವುದು ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದಾಗ ಮಾತ್ರ. ಕರಾರು ಮೂರು ತಿಂಗಳು ಎಂದಿದ್ದರೆ ಮೂರು ತಿಂಗಳೇ ಕೊಡಬೇಕು, ಮತ್ತು ಪೇಟೆಯಲ್ಲಿ ಸಿಗುವ ಸಿದ್ಧಮಾದರಿಯ ಕರಾರಿಗೆ ಸಹಿ ಹಾಕಿದವರಿಗೆ ಅದರಲ್ಲಿ ಏನಿದೆ ಎಂಬುದೇ ಹಲವು ಬಾರಿ ನೆನಪಿರುವುದಿಲ್ಲ. ನೋಟಿಸ್ ಲಿಖಿತವಾಗಿರಬೇಕು, ಕೊಡುವವರ ಅಥವಾ ಅವರ ಪರವಾದವರ ಸಹಿ ಇರಬೇಕು, ಅಂಚೆಯ ಮೂಲಕ ಹೋಗಬೇಕು ಅಥವಾ ಖುದ್ದಾಗಿ ತಲುಪಬೇಕು. ಅದು ಸಾಧ್ಯವಾಗದಿದ್ದರೆ ಕಟ್ಟಡದ ಎದ್ದುಕಾಣುವ ಭಾಗಕ್ಕೆ ಅಂಟಿಸಬಹುದು. ದಿನಗಳ ಲೆಕ್ಕದಲ್ಲಿ ಆಗುವ ಸಣ್ಣ ತಪ್ಪಿಗೆ ದಾವೆಯೇ ಬಿದ್ದುಹೋಗುತ್ತಿದ್ದ ಕಾಲವಿತ್ತು. 2003ರ 3ನೇ ಅಧಿನಿಯಮದ ತಿದ್ದುಪಡಿಯಿಂದ ಆ ಕಠಿಣತೆ ಸಡಿಲಗೊಂಡಿದ್ದು, ದಾವೆ ಹೂಡುವ ವೇಳೆಗೆ ನಿಗದಿತ ಅವಧಿ ಕಳೆದಿದ್ದರೆ ನೋಟಿಸ್‌ನಲ್ಲಿ ನಮೂದಾದ ದಿನಗಳು ಕಡಿಮೆ ಎಂಬ ಒಂದೇ ಕಾರಣಕ್ಕೆ ಅದು ಅಸಿಂಧುವಾಗುವುದಿಲ್ಲ.

ಹಾಗೆಂದು ಉಳಿದ ಅಪಾಯಗಳು ತಪ್ಪಿಲ್ಲ. ಒಂದು ನೋಟಿಸ್ ಕೊಟ್ಟು, ಅದರ ಅವಧಿ ಮುಗಿದ ಮೇಲೂ ಬಾಡಿಗೆದಾರರು ಉಳಿದಾಗ, ಕೋಪದಲ್ಲಿ ಎರಡನೆಯ ತೆರವಿನ ನೋಟಿಸ್ ಕಳುಹಿಸಿದರೆ ಮೊದಲನೆಯದನ್ನು ಬಿಟ್ಟುಕೊಟ್ಟಂತಾಗುತ್ತದೆ ಎಂದು 113ನೇ ಸೆಕ್ಷನ್‌ನ ಕೆಳಗೆ ಕೊಟ್ಟಿರುವ ಉದಾಹರಣೆಯೇ ಹೇಳುತ್ತದೆ. ಅವಧಿಯ ನಂತರ ಬಂದ ಬಾಡಿಗೆಯನ್ನು ಸ್ವೀಕರಿಸಿದ ಮಾತ್ರಕ್ಕೆ ನೋಟಿಸ್ ರದ್ದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದರೂ, ಆ ಹಣವನ್ನು ತಮ್ಮ ಹಕ್ಕಿಗೆ ಬಾಧೆಯಿಲ್ಲದಂತೆ ಅನುಭೋಗದ ನಷ್ಟಪರಿಹಾರವಾಗಿ ಮಾತ್ರ ತೆಗೆದುಕೊಳ್ಳುತ್ತಿದ್ದೇವೆ ಎಂದು ಒಂದು ಸಾಲು ಬರೆದು ತಿಳಿಸುವುದು ಕ್ಷೇಮ. ಬಾಕಿಯ ಕಾರಣವೊಂದನ್ನೇ ಹಿಡಿದು, ಕರಾರಿನ ಷರತ್ತು ಮುರಿದದ್ದರಿಂದ ಬಾಡಿಗೆ ಹಕ್ಕು ಹೋಯಿತು ಎಂದು ವಾದಿಸಿದರೆ, 114ನೇ ಸೆಕ್ಷನ್ ಅಡಿಯಲ್ಲಿ ಬಾಡಿಗೆದಾರರು ವಿಚಾರಣೆಯ ವೇಳೆ ಬಾಕಿ, ಬಡ್ಡಿ ಮತ್ತು ಖರ್ಚನ್ನು ಕಟ್ಟಿ ಮನೆಯಲ್ಲಿಯೇ ಉಳಿಯಲು ನ್ಯಾಯಾಲಯ ಅವಕಾಶ ಕೊಡಬಹುದು. 106ರ ನೋಟಿಸ್‌ನಿಂದ ಕೊನೆಗೊಳಿಸಿದ್ದರೆ ಆ ಬಾಗಿಲು ತೆರೆಯುವುದಿಲ್ಲ. ಎಷ್ಟು ಅವಧಿ, ಯಾವ ಸೆಕ್ಷನ್, ಬಾಕಿಯನ್ನು ಹೇಗೆ ಹೇಳಬೇಕು ಎಂಬ ಈ ಆಯ್ಕೆಗಳನ್ನು ಒಂದು ಪುಟದ ನೋಟಿಸ್‌ನಲ್ಲಿ ಮಾಡಬೇಕಾಗಿರುವುದರಿಂದಲೇ, ಬೇರೆ ಯಾವುದಕ್ಕೂ ವಕೀಲರನ್ನು ಇಟ್ಟುಕೊಳ್ಳಲಾಗದವರು ಕೂಡ ಇದೊಂದಕ್ಕಾದರೂ ಹಣ ಕೊಡಬೇಕೆಂದು ನಾನು ಹೇಳುವುದು.

ನಮ್ಮ ಊರುಗಳಲ್ಲಿ ಹನ್ನೊಂದು ತಿಂಗಳ ಕರಾರು ಏಕೆ ಬಳಕೆಗೆ ಬಂತು ಎಂಬುದು ಎಲ್ಲರಿಗೂ ಗೊತ್ತಿದೆ: ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಲೇಬೇಕು. ನೋಂದಣಿ ತಪ್ಪಿದರೂ ಮುದ್ರಾಂಕ ಶುಲ್ಕ ತಪ್ಪುವುದಿಲ್ಲ ಎಂಬುದು ಮಾತ್ರ ಅನೇಕರಿಗೆ ತಿಳಿದಿಲ್ಲ. ಸಾಲದಷ್ಟು ಮುದ್ರಾಂಕವಿರುವ ಕರಾರನ್ನು ಸಾಕ್ಷ್ಯವಾಗಿ ಹಾಜರುಪಡಿಸಿದಾಗ ಎದುರುಪಕ್ಷದ ವಕೀಲರು ಎದ್ದುನಿಂತು ಆಕ್ಷೇಪಿಸುತ್ತಾರೆ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ನ್ಯಾಯಾಲಯ ಅದನ್ನು ವಶಕ್ಕೆ ಪಡೆದು, ಕೊರತೆಯಾದ ಶುಲ್ಕದ ಜೊತೆಗೆ ಅದರ ಹತ್ತು ಪಟ್ಟು ದಂಡವನ್ನೂ ಕೇಳಬಹುದು. ಬಾಡಿಗೆ ಸಂಬಂಧವನ್ನೇ ಎದುರುಪಕ್ಷ ಒಪ್ಪಿಕೊಂಡಿರುವಾಗ ಆ ಕಾಗದವನ್ನು ಹಾಜರುಪಡಿಸುವ ಅಗತ್ಯವೇ ಬೀಳದಿರಬಹುದು. ಯಾವ ಕಾಗದವನ್ನು ಮುಂದಿಡಬೇಕು, ಯಾವುದಿಲ್ಲದೆ ನಡೆಯುತ್ತದೆ ಎಂದು ತೂಗಿ ನೋಡುವುದು ಅನುಭವಿ ವಕೀಲರಿಂದ ಮಾತ್ರ ಆಗುವ ಕೆಲಸ.

ಭೋಗ್ಯದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಬೆಂಗಳೂರಿನ ಮಧ್ಯಮವರ್ಗದ ಬಡಾವಣೆಗಳಲ್ಲಿ ಹಲವು ಲಕ್ಷ ರೂಪಾಯಿಗಳನ್ನು ಒಟ್ಟಿಗೆ ಪಡೆದು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷಕ್ಕೆ ಮನೆ ಬಿಟ್ಟುಕೊಡುವ, ಜನ ‘ಲೀಸ್’ ಎಂದು ಕರೆಯುವ ಪದ್ಧತಿ ಸಾಮಾನ್ಯವಾಗಿದೆ. ಮನೆ ಕಟ್ಟಿಸಲು ತೆಗೆದ ಸಾಲ ತೀರಿಸಲು, ಮಗಳ ಮದುವೆಗೆ ಎಂದು ಮಾಲೀಕರು ಆ ಹಣವನ್ನು ಖರ್ಚು ಮಾಡಿಬಿಟ್ಟಿರುತ್ತಾರೆ. ಅವಧಿ ಮುಗಿದಾಗ ಹಣ ಕೈಯಲ್ಲಿಲ್ಲದಿದ್ದರೆ ಒಳಗಿರುವವರು ಬಿಡುವುದಿಲ್ಲ, ಮತ್ತು ನ್ಯಾಯವಾಗಿ ಅವರು ಬಿಡಬೇಕೆಂದು ಕೇಳುವುದೂ ಕಷ್ಟ. ಕಾನೂನಿನ ತೊಡಕು ಇದಕ್ಕಿಂತಲೂ ಆಳದ್ದು. ಬರೆದ ಪತ್ರದ ಒಳಾರ್ಥ ನೋಡಿದರೆ ಅದು ಗುತ್ತಿಗೆಯಾಗಿರದೆ ಸ್ವತ್ತು ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್ ಹೇಳುವ ಭೋಗ್ಯದ ಅಡಮಾನವಾಗಿರಬಹುದು. ನೂರು ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ಮೊತ್ತದ ಅಂಥ ಅಡಮಾನ ನೋಂದಾಯಿತ ಪತ್ರದಿಂದಲೇ ಆಗಬೇಕು. ಅಡಮಾನವೇ ಹೌದೆಂದಾದರೆ ಮಾಲೀಕರು ಹೂಡಬೇಕಾದದ್ದು ಬಾಡಿಗೆದಾರರ ತೆರವಿನ ದಾವೆಯಲ್ಲ, ಹಣ ಕಟ್ಟಿ ಅಡಮಾನ ಬಿಡಿಸಿಕೊಳ್ಳುವ ದಾವೆ. ನೋಟಿಸ್‌ನ ಸ್ವರೂಪ, ನ್ಯಾಯಾಲಯ, ಶುಲ್ಕ ಎಲ್ಲವೂ ಇದರೊಂದಿಗೆ ಬದಲಾಗುತ್ತವೆ. ಭೋಗ್ಯಕ್ಕೆ ಮನೆ ಕೊಟ್ಟ ಯಾರೇ ಆಗಲಿ, ಅವಧಿ ಮುಗಿಯುವ ಕೆಲವು ತಿಂಗಳ ಮೊದಲೇ ಪತ್ರವನ್ನು ವಕೀಲರಿಗೆ ತೋರಿಸಿ, ಹಣ ಹೊಂದಿಸುವ ದಾರಿಯನ್ನೂ ಆ ಮಾತುಕತೆಯಲ್ಲಿಯೇ ಯೋಚಿಸಬೇಕು. ಹಣ ಸಿದ್ಧವಾಗಿದೆ ಎಂದು ತೋರಿಸಬಲ್ಲ ಮಾಲೀಕರ ಮುಂದೆ ಎದುರುಪಕ್ಷದ ವಾದಕ್ಕೆ ಹೆಚ್ಚು ಬಲವಿರುವುದಿಲ್ಲ.

ಅಂಗಡಿ, ಗೋದಾಮು, ಕಚೇರಿಗಳ ಮಾಲೀಕರಿಗೆ ಮತ್ತೊಂದು ಎಚ್ಚರಿಕೆ ಬೇಕು. ವ್ಯಾಪಾರಕ್ಕಾಗಿಯೇ ಬಳಕೆಯಾಗುತ್ತಿರುವ ಸ್ಥಿರಾಸ್ತಿಯ ಕರಾರಿನಿಂದ ಹುಟ್ಟಿದ ವಿವಾದ, ಮೌಲ್ಯ 3 ಲಕ್ಷ ರೂಪಾಯಿ ಮುಟ್ಟಿದರೆ, 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕೆಳಗೆ ಬರಬಹುದು. ಹಾಗೆ ಬಂದರೆ, ತುರ್ತು ಪರಿಹಾರ ಕೋರದ ದಾವೆಗಳಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗಿಬರುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರ ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಆ ಹೆಜ್ಜೆಯನ್ನು ಬಿಟ್ಟು ಹೂಡಿದ ದಾವೆ ತಿರಸ್ಕೃತವಾಗುತ್ತದೆ. ಕರಾರಿನಲ್ಲಿ ಪಂಚಾಯ್ತಿಯ, ಅಂದರೆ ಆರ್ಬಿಟ್ರೇಷನ್‌ನ ಷರತ್ತು ಇದ್ದರೆ ಅದನ್ನೂ ನೋಡಬೇಕು: ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗಿನ ಬಾಡಿಗೆ ವಿವಾದಗಳನ್ನು ಪಂಚಾಯ್ತಿದಾರರು ಇತ್ಯರ್ಥಪಡಿಸಬಹುದು, ವಿಶೇಷ ಬಾಡಿಗೆ ಕಾಯ್ದೆಗಳ ಕೆಳಗಿನವನ್ನಲ್ಲ ಎಂದು 2020ರ ವಿದ್ಯಾ ಡ್ರೋಲಿಯಾ ತೀರ್ಪು ಹೇಳುತ್ತದೆ.

ಬೆಂಗಳೂರಿನಲ್ಲಿ ಸಾಮಾನ್ಯ ತೆರವಿನ ದಾವೆಗಳನ್ನು ಸ್ಮಾಲ್ ಕಾಸಸ್ ಕೋರ್ಟ್ ನೋಡುತ್ತದೆ. ಅಲ್ಲಿನ ಪ್ರಶ್ನೆ ಸರಳ: ಬಾಡಿಗೆ ಸಂಬಂಧ ಇತ್ತೇ, ಅದು ಕೊನೆಗೊಂಡಿದೆಯೇ? ಬಾಡಿಗೆದಾರರು ‘ಈ ಮನೆಯನ್ನು ನನಗೆ ಮಾರುವುದಾಗಿ ಕರಾರು ಮಾಡಿಕೊಂಡಿದ್ದಾರೆ’ ಎಂದೋ, ‘ಇವರು ಮಾಲೀಕರೇ ಅಲ್ಲ’ ಎಂದೋ ಎದುರು ವಾದ ಹೂಡಿದ ಕೂಡಲೇ ಆ ಸರಳತೆ ಹೊರಟುಹೋಗುತ್ತದೆ. ಬಾಡಿಗೆಗೆ ಬಂದಾಗ ಒಪ್ಪಿಕೊಂಡ ಒಡೆತನವನ್ನು ಬಾಡಿಗೆದಾರರು ಆಮೇಲೆ ನಿರಾಕರಿಸುವಂತಿಲ್ಲ ಎಂಬ ಸಾಕ್ಷ್ಯ ಕಾನೂನಿನ ಹಳೆಯ ನಿಯಮ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ, ಆದರೆ ಅದನ್ನು ಯಾವ ಹಂತದಲ್ಲಿ ಹೇಗೆ ಎತ್ತಬೇಕು ಎಂಬುದು ಮಾಲೀಕರು ತಾವೇ ನಿಂತು ಮಾಡುವ ಕೆಲಸವಲ್ಲ. ಅಣ್ಣತಮ್ಮಂದಿರ ನಡುವೆ ಭಾಗವಾಗದ ಮನೆ, ಬಾಡಿಗೆದಾರರು ಇರುವಾಗಲೇ ಕೊಂಡ ಮನೆ, ಮೂಲ ಬಾಡಿಗೆದಾರರು ತೀರಿಹೋಗಿ ಮಕ್ಕಳು ಉಳಿದಿರುವ ಮನೆ, ಇವೆಲ್ಲವೂ ಮೊದಲ ದಿನದಿಂದಲೇ ವಕೀಲರನ್ನು ಬೇಡುವ ಪ್ರಕರಣಗಳು.

ವಿದೇಶದಲ್ಲಿ ನೆಲೆಸಿರುವ ಕನ್ನಡಿಗರಿಗಂತೂ ಬೇರೆ ದಾರಿಯೇ ಇಲ್ಲ. ತಂದೆತಾಯಿಯ ಅಥವಾ ಸಂಬಂಧಿಕರ ಹೆಸರಿಗೆ ಅಧಿಕಾರಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಬರೆದುಕೊಟ್ಟರೆ ಎಲ್ಲವೂ ಸಾಗುತ್ತದೆ ಎಂದು ಅವರು ನಂಬಿರುತ್ತಾರೆ. ಅಲ್ಲಿ ಬರೆದ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಅಧಿಕಾರಪತ್ರ ಪಡೆದವರು ದಾವೆಗೆ ಸಹಿ ಹಾಕಬಹುದಾದರೂ, ಮಾಲೀಕರಿಗೆ ಮಾತ್ರ ಖುದ್ದು ತಿಳಿದಿರುವ ಸಂಗತಿಗಳ ಬಗ್ಗೆ ಅವರ ಬದಲಿಗೆ ಸಾಕ್ಷ್ಯ ನುಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2004ರ ಜಾನ್ಕಿ ವಾಶ್‌ದೇವ್ ಭೋಜ್ವಾನಿ ಪ್ರಕರಣದಲ್ಲಿ ಹೇಳಿದೆ. ಬಾಡಿಗೆಯ ಮಾತುಕತೆ ನಡೆಸಿದವರು ಯಾರು, ಹಣ ಯಾರ ಖಾತೆಗೆ ಬರುತ್ತಿತ್ತು ಎಂಬುದನ್ನು ಮೊದಲೇ ನೋಡಿ, ಸಾಕ್ಷಿಕಟ್ಟೆಗೆ ಯಾರು ಬರಬೇಕು ಎಂದು ನಿರ್ಧರಿಸಿಕೊಳ್ಳಬೇಕು. ನ್ಯಾಯಾಲಯದ ಅನುಮತಿ ಪಡೆದು ವಿಡಿಯೊ ಮೂಲಕ ಸಾಕ್ಷ್ಯ ನುಡಿಯುವ ದಾರಿಯೂ ಈಗ ಇದೆ.

ವಕೀಲರು ಬೇಡವಾದ ಸಂದರ್ಭಗಳೂ ಇವೆ. ಬಾಡಿಗೆದಾರರು ಬಿಡಲು ಒಪ್ಪಿದ್ದಾರೆ, ಮಕ್ಕಳ ಶಾಲೆಯ ವರ್ಷ ಮುಗಿಯುವವರೆಗೆ ಸಮಯ ಕೇಳುತ್ತಿದ್ದಾರೆ, ಮುಂಗಡದ ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸವಿದೆ ಎಂಬಷ್ಟಿದ್ದರೆ ಮೊಕದ್ದಮೆಯ ಮಾತೆತ್ತುವುದು ಅವಿವೇಕ. ಅಂಥ ಒಪ್ಪಂದವನ್ನು ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ನ ಮುಂದೆ, ದಾವೆ ಹೂಡುವ ಮೊದಲೇ ಇಡಬಹುದು. ಅಲ್ಲಿ ದಾಖಲಾದ ರಾಜಿ ಸಿವಿಲ್ ನ್ಯಾಯಾಲಯದ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ, ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಬಿಳಿಹಾಳೆಯ ಮೇಲಿನ ವಾಗ್ದಾನಕ್ಕಿಂತ ಇದು ಎಷ್ಟೋ ಮೇಲು, ಮತ್ತು ಇಷ್ಟು ಒಳ್ಳೆಯ ಸೌಲಭ್ಯವನ್ನು ಮಾಲೀಕರು ಇಷ್ಟು ಕಡಿಮೆ ಬಳಸುತ್ತಿರುವುದು ನನಗೆ ಬೇಸರ ತರಿಸುತ್ತದೆ.

ಖರ್ಚಿನ ಭಯವೇ ಅನೇಕರನ್ನು ವಕೀಲರಿಂದ ದೂರವಿಡುತ್ತದೆ. ನ್ಯಾಯಾಲಯದ ಶುಲ್ಕವನ್ನು ಮನೆಯ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆಂಬ ತಪ್ಪು ತಿಳಿವಳಿಕೆಯಿದೆ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ, ಬಾಡಿಗೆದಾರರಿಂದ ಸ್ವಾಧೀನ ಕೇಳುವ ದಾವೆಯಲ್ಲಿ ಅದು ಮುಖ್ಯವಾಗಿ ಹಿಂದಿನ ಒಂದು ವರ್ಷದ ಬಾಡಿಗೆಯನ್ನು ಅವಲಂಬಿಸಿದೆ. ಇನ್ನೊಂದು ಸಂಗತಿಯನ್ನು ವಿಶೇಷವಾಗಿ ವಿಧವೆಯರಿಗೂ ಒಂಟಿ ಮಹಿಳೆಯರಿಗೂ ತಿಳಿಸಬಯಸುತ್ತೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಉಚಿತ ವಕೀಲರ ನೆರವಿಗೆ ಅರ್ಹರಾದವರನ್ನು ಹೆಸರಿಸುವಾಗ ಮಹಿಳೆಯರನ್ನು, ಪರಿಶಿಷ್ಟ ಜಾತಿ ಮತ್ತು ಪಂಗಡದವರನ್ನು, ಅಂಗವಿಕಲರನ್ನು ಆದಾಯದ ಮಿತಿಯಿಲ್ಲದೆ ಸೇರಿಸಿದೆ. ಮನೆಯ ಒಡತಿ ಎಂಬ ಕಾರಣಕ್ಕೆ ಈ ಹಕ್ಕು ಹೋಗುವುದಿಲ್ಲ.

ಹಣ ಕೊಟ್ಟು ವಕೀಲರನ್ನು ನೇಮಿಸಿಕೊಳ್ಳುವವರು ಶುಲ್ಕವನ್ನು ಹಂತಗಳಾಗಿ ಮಾತಾಡಿಕೊಂಡು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಗೆದ್ದರೆ ಇಷ್ಟು ಪಾಲು ಎಂದು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ವಕೀಲರನ್ನು ಬದಲಾಯಿಸಬೇಕಾಗಿ ಬಂದಾಗ, ಶುಲ್ಕ ಬಾಕಿಯಿದೆ ಎಂಬ ಕಾರಣಕ್ಕೆ ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿಯೇ ಹೇಳಿದೆ. ಮೊದಲ ಭೇಟಿಗೆ ಕ್ರಯಪತ್ರ, ಖಾತೆ, ಕರಾರು, ಬಾಡಿಗೆ ಜಮೆಯಾದ ಬ್ಯಾಂಕ್ ವಿವರ, ಪರಸ್ಪರ ಕಳುಹಿಸಿದ ಸಂದೇಶಗಳನ್ನು ಒಯ್ದು, ತಮಗೆ ಅನನುಕೂಲವಾದದ್ದನ್ನೂ ಮರೆಮಾಚದೆ ಹೇಳಬೇಕು.

ಬಾಡಿಗೆ ಸಂಬಂಧವನ್ನೂ ನೋಟಿಸ್ ತಲುಪಿದ್ದನ್ನೂ ಎದುರುಪಕ್ಷ ತನ್ನ ಲಿಖಿತ ಹೇಳಿಕೆಯಲ್ಲಿ ಒಪ್ಪಿಕೊಂಡಿದ್ದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 12ನೇ ಆದೇಶದ 6ನೇ ನಿಯಮದ ಅಡಿಯಲ್ಲಿ ಪೂರ್ಣ ವಿಚಾರಣೆಯಿಲ್ಲದೆಯೇ ಡಿಕ್ರಿ ಕೇಳಬಹುದು. ಒಳ್ಳೆಯ ವಕೀಲರು ಮೊದಲು ಹುಡುಕುವುದು ಈ ಒಪ್ಪಿಗೆಗಳನ್ನೇ. ಡಿಕ್ರಿ ಬಂದ ಮೇಲೆ ಬಾಡಿಗೆದಾರರು ಮೇಲ್ಮನವಿ ಹಾಕಿ ತಡೆ ಪಡೆದರೂ, ಆ ಅವಧಿಗೆ ಹಳೆಯ ಬಾಡಿಗೆಯ ಬದಲು ಅಂದಿನ ಮಾರುಕಟ್ಟೆಯ ದರವನ್ನು ಕಟ್ಟುವಂತೆ ಷರತ್ತು ಹಾಕಬಹುದು ಎಂದು 2004ರ ಆತ್ಮಾರಾಮ್ ಪ್ರಾಪರ್ಟೀಸ್ ತೀರ್ಪಿನಲ್ಲಿದೆ. ಈ ಷರತ್ತನ್ನು ಕೇಳುವವರಿಲ್ಲದಿದ್ದರೆ ಅದು ತಾನಾಗಿ ಬರುವುದಿಲ್ಲ.

ಡಿಕ್ರಿ ಕೈಗೆ ಬಂದಾಗ ವಕೀಲರ ಕೆಲಸ ಮುಗಿಯಿತೆಂದು ಭಾವಿಸುವವರು ಬಹಳ. ಮನೆ ಖಾಲಿಯಾಗದಿದ್ದರೆ ಡಿಕ್ರಿಯನ್ನು ಜಾರಿಗೊಳಿಸಲು ಕೋರುವ ಅಮಲ್ಜಾರಿ ಅರ್ಜಿ ಹಾಕಬೇಕು, ಸ್ವಾಧೀನದ ವಾರಂಟ್ ಹೊರಡಬೇಕು, ನ್ಯಾಯಾಲಯದ ಅಮೀನರು ಬಂದು ಕ್ರಮವಾಗಿ ಬೀಗದ ಕೈ ಒಪ್ಪಿಸಬೇಕು. ಅಗತ್ಯ ಬಿದ್ದರೆ ಬೀಗ ಒಡೆಯಲೂ ಪೊಲೀಸ್ ನೆರವು ಪಡೆಯಲೂ ನ್ಯಾಯಾಲಯದ ಆದೇಶ ಬೇಕು. ಅಷ್ಟರಲ್ಲಿ ಬೇರೆ ಯಾರೋ ಬಂದು ‘ಇಲ್ಲಿ ಇರುವವನು ನಾನು’ ಎಂದು ಅಡ್ಡಿಪಡಿಸಿದರೆ, 21ನೇ ಆದೇಶದ 97ನೇ ನಿಯಮದಂತೆ ಆ ಅಡ್ಡಿಯನ್ನೂ ಅದೇ ನ್ಯಾಯಾಲಯ ವಿಚಾರಿಸಬೇಕಾಗುತ್ತದೆ. ಬೆಂಗಳೂರಿನ ಆಸ್ತಿಯ ವ್ಯಾಜ್ಯದಿಂದಲೇ ಹೊರಟ ರಾಹುಲ್ ಎಸ್. ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಅಮಲ್ಜಾರಿ ಅರ್ಜಿಗಳನ್ನು ಸಲ್ಲಿಸಿದ ದಿನದಿಂದ ಆರು ತಿಂಗಳೊಳಗೆ ಇತ್ಯರ್ಥಪಡಿಸಬೇಕು, ತಡವಾದರೆ ಕಾರಣ ದಾಖಲಿಸಬೇಕು ಎಂದು ನಿರ್ದೇಶಿಸಿತು. ವಕೀಲರೊಂದಿಗೆ ಶುಲ್ಕದ ಮಾತಾಡುವಾಗಲೇ ಅಮಲ್ಜಾರಿ ಹಂತವೂ ಅದರಲ್ಲಿ ಸೇರಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು, ಮತ್ತು ಡಿಕ್ರಿಯಲ್ಲಿ ಕೊಟ್ಟ ಗಡುವು ಮುಗಿದ ಮರುದಿನವೇ ಈ ತೀರ್ಪನ್ನು ಉಲ್ಲೇಖಿಸಿ ಅರ್ಜಿ ಹಾಕುವಂತೆ ಅವರಿಗೆ ತಿಳಿಸಬೇಕು.